ಅರವತ್ತಾರರ ಜಾಗದಲ್ಲಿ ಸೊನ್ನೆ

೨ ಮಾರ್ಚ್, ಶನಿವಾರ

ಫೆಬ್ರವರಿ ಹದಿಮೂರರ ಬೆಳಗ್ಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಒಬ್ಬರ ರಕ್ತದ ಫಲಿತಾಂಶ ಇನ್ನೊಬ್ಬರ ಹೆಸರಿನಲ್ಲಿ ಹೊರಬಿತ್ತು. ಯಾರದೋ ಮೈಯ ವಿಪರೀತ ಸಕ್ಕರೆ ಒಬ್ಬ ದರ್ಜಿಯ ಹೆಸರಿಗೆ ಬಿತ್ತು. ಆ ಕಾಗದ ನೋಡಿ ಅವರಿಗೆ ಇನ್ಸುಲಿನ್ ಚುಚ್ಚಿದರು. ಸಕ್ಕರೆ ಸರಿಯಾಗಿಯೇ ಇದ್ದ ಮನುಷ್ಯ ಮಂಚದ ಮೇಲೇ ಪ್ರಜ್ಞೆ ತಪ್ಪಿದರು. ಪಕ್ಕದ ಮಂಚದವರು ಕೂಗಿಕೊಂಡದ್ದರಿಂದ ಬದುಕಿದರು. ಇದು ಮೊದಲನೆಯ ತಪ್ಪು. ಎರಡನೆಯದು ಫೆಬ್ರವರಿ ಇಪ್ಪತ್ತಾರರಂದು ನಡೆಯಿತು. ಹದಿಮೂರರ ಬೆಳಗ್ಗೆ ಪಾಳಿಯಲ್ಲಿದ್ದ ಟೆಕ್ನಿಷಿಯನ್ ರಕ್ತದ ಟ್ಯೂಬುಗಳನ್ನು ಅದಲುಬದಲು ಮಾಡಿದಳೆಂದು ಹೇಳಿ, ಅವಳನ್ನು ಒಂದು ಮಾತೂ ಕೇಳದೆ ಅಮಾನತು ಮಾಡಿದರು. ಅವಳು ನನ್ನ ಸೊಸೆ.

ಇದನ್ನು ಯಾರಿಗೂ ತೋರಿಸಲು ಬರೆಯುತ್ತಿಲ್ಲ. ಬರೆಯದಿದ್ದರೆ ಸಿಕ್ಕಸಿಕ್ಕವರ ಮೇಲೆ ಹರಿಹಾಯುತ್ತೇನೆ, ಅದಕ್ಕೆ.

ಈ ವಯಸ್ಸಿನಲ್ಲಿ ಜನಕ್ಕೆ ಮರೆವಿನ ಕಾಯಿಲೆ ಬರುತ್ತದೆ. ನನಗೆ ಬಂದಿರುವುದು ನೆನಪಿನ ಕಾಯಿಲೆ. ನದಿಯ ಸೇತುವೆ ಕುಸಿದಾಗ ಹೊಣೆ ಹೊತ್ತವನು ಗೇಟಿನ ಕಾವಲುಗಾರ. ದೂರವಾಣಿ ಕೇಂದ್ರ ಸುಟ್ಟಾಗ ಪಾಳಿಯಲ್ಲಿದ್ದ ಆಪರೇಟರ್. ಶಾಲೆಯ ಛಾವಣಿ ಬಿದ್ದಾಗ ಗಂಟೆ ಬಾರಿಸುತ್ತಿದ್ದ ಹೆಂಗಸು. ಪ್ರತಿ ಸಲವೂ ಒಂದು ವಿಚಾರಣೆ, ಒಂದು ವರದಿ, ಕೊನೆಯ ಪುಟದಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳದವರ ಹೆಸರು. ಊರು ಮರೆತಿದೆ. ನಾನು ಮರೆತಿಲ್ಲ. ಈಗ ಅದೇ ನಾಟಕ ನನ್ನ ಅಡುಗೆಮನೆಯೊಳಕ್ಕೇ ಬಂದಿದೆ.

ಆದರೆ ನಾಯಕಿಗೆ ಸಿಟ್ಟೇ ಬರುತ್ತಿಲ್ಲ. ಈರುಳ್ಳಿ ಹೆಚ್ಚುತ್ತ ಕೂತಿದ್ದಳು.

"ಇಲಾಖೆಗೆ ಒಂದು, ನಗರಸಭೆಗೆ ಒಂದು, ಪತ್ರಿಕೆಗೆ ಒಂದು, ಮೂರು ಅರ್ಜಿ ಬರೆದಿದ್ದೀನಿ. ಸಹಿ ಹಾಕು" ಎಂದೆ.

"ಓದಿ ಹಾಕ್ತೀನಿ ಅತ್ತೆ."

"ಓದೋದೇನಿದೆ? ನಾನೇ ಬರೆದಿದ್ದೀನಲ್ಲ."

"ಅದಕ್ಕೇ ಓದಬೇಕು" ಎಂದ ನನ್ನ ಮಗ, ಡಿಪೋದಿಂದ ಬಂದು ಕೈಯ ಗ್ರೀಸು ತೊಳೆಯುತ್ತಿದ್ದವನು. ಬಸ್ಸುಗಳ ರಿಪೇರಿ ಮಾಡಿ ಮಾಡಿ ಅವನಿಗೆ ಮನುಷ್ಯರ ಜೊತೆ ಮಾತಾಡುವ ರೀತಿಯೇ ಮರೆತುಹೋಗಿದೆ.

ಸೊಸೆ ಮೂರನ್ನೂ ಓದಿದಳು. ಸಹಿ ಹಾಕಲಿಲ್ಲ. "ಚೆನ್ನಾಗಿದೆ ಅತ್ತೆ. ಆದ್ರೆ ಇದ್ರಲ್ಲಿ ನಾನಿಲ್ಲ" ಎಂದಳು. ಇದಕ್ಕೇನರ್ಥ? ಮೂರರಲ್ಲೂ ಅವಳದೇ ಕತೆ! ಬಾಯಿ ಸತ್ತವರ ಪರವಾಗಿ ಹೋರಾಡುವುದು ಎಷ್ಟು ಕಷ್ಟವೆಂದು ಹೋರಾಡಿದವರಿಗೇ ಗೊತ್ತು.

೫ ಮಾರ್ಚ್, ಮಂಗಳವಾರ

ಆಫೀಸಿನಲ್ಲಿ ಗಡ್ಡ ನನ್ನ ಪುಟಗಳನ್ನು ವಾಪಸ್ ಕಳಿಸಿದ. ಅವನನ್ನು ಎಲ್ಲರೂ ಕರೆಯುವುದು ಹಾಗೆಯೇ. ಗಡ್ಡ ಬೋಳಿಸಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಉಳಿದಿದೆ. ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿನ ಜೊತೆ ಬರುವ ದೋಷ ಹುಡುಕುವ ಸಾಧನಗಳನ್ನು ನೋಡಿಕೊಳ್ಳುವವನು ಅವನು. ಅವುಗಳನ್ನು ಓಡಿಸುವಾಗ ಕೊಡಬಹುದಾದ ಆಯ್ಕೆಗಳಿಗೆಲ್ಲ ಕೈಪಿಡಿ ಬರೆಯುವವಳು ನಾನು.

"ಮೇಡಂ, ಇದು ಕೈಪಿಡಿನೋ ಭಾಷಣನೋ?"

"ಯಾಕೆ?"

"‘ಯಂತ್ರವೂ ಸತ್ಯ ನುಡಿಯಬೇಕಾದ ಕಾಲ ಬಂದಿದೆ’ ಅಂತ ಶುರು ಮಾಡಿದ್ದೀರಿ. ಓದೋನಿಗೆ ಬೇಕಾಗಿರೋದು, ಈ ಆಯ್ಕೆ ಹಾಕಿದ್ರೆ ಪರದೆ ಮೇಲೆ ಏನು ಕಾಣುತ್ತೆ ಅನ್ನೋದು."

"ಹಳೇ ಪುಟದಲ್ಲಿ ಒಂದೊಂದು ಆಯ್ಕೆಗೆ ಒಂದೊಂದೇ ಸಾಲು. ಅದ್ರಿಂದ ಯಾರಿಗೆ ಏನು ತಿಳಿಯುತ್ತೆ?"

"ಏನೂ ತಿಳಿಯಲ್ಲ. ನಿಮ್ಮದ್ರಿಂದಲೂ ತಿಳಿಯಲ್ಲ. ಆದ್ರೆ ನಿಮ್ಮದು ಉದ್ದ ಇದೆ."

ಪಕ್ಕದ ಮೇಜಿನವರು ನಗು ತಡೆದುಕೊಂಡದ್ದು ಕಾಣಿಸಿತು.

"ಇದ್ರಲ್ಲಿ ಒಂದನ್ನಾದ್ರೂ ಹಾಕಿ ನೋಡಿದ್ದೀರಾ?" ಎಂದು ಕೇಳಿದ.

"ಕಡಲಿನ ಬಗ್ಗೆ ಬರೆದೋರೆಲ್ಲ ಮುಳುಗಿ ನೋಡಿದ್ದಾರಾ?" ಎಂದೆ.

"ಅದಕ್ಕೇ ಅವರನ್ನ ನಂಬ್ಕೊಂಡು ಯಾರೂ ಹಡಗು ಬಿಡಲ್ಲ."

ಒರಟ. ಆದರೆ ಸೊಸೆಯ ವಿಷಯ ಕಿವಿಗೆ ಬಿದ್ದಿರಬೇಕು, ಹೋಗುವಾಗ ಅವಳು ಹೇಗಿದ್ದಾಳೆಂದು ವಿಚಾರಿಸಿದ. ಅವಳು ಏನು ಅಂದುಕೊಂಡಿದ್ದಾಳೋ ನನಗೆ ಗೊತ್ತಿರಲಿಲ್ಲ. ಹಾಗಾಗಿ ನಾನು ಅಂದುಕೊಂಡಿರುವುದನ್ನು ವಿವರವಾಗಿ ಹೇಳಿದೆ. ಅವನಿಗೆ ಬಸ್ಸು ತಪ್ಪಿತು.

೮ ಮಾರ್ಚ್, ಶುಕ್ರವಾರ

ಸೊಸೆ ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಕೆಲಸ ಏನೆಂದು ಕೇಳಿದಳು. ಮನೆಯಲ್ಲಿ ಕೂತವಳಿಗೆ ಹೊತ್ತು ಹೋಗಬೇಕಲ್ಲ.

"ಎರಡು ಸಾಧನ ಇವೆ" ಎಂದೆ. "ಒಂದು ಮೆಮೊರಿಯ ತಪ್ಪು ಹಿಡಿಯುತ್ತೆ. ಬಾಡಿಗೆ ಮನೆ ಬಿಟ್ಟ ಮೇಲೂ ಹಳೇ ಬೀಗದ ಕೈ ಇಟ್ಕೊಂಡು ಒಳಗೆ ನುಗ್ಗಿದ್ರೆ ಹೇಗೆ? ಪ್ರೋಗ್ರಾಮುಗಳೂ ಹಾಗೆ ಮಾಡ್ತವೆ. ಬಿಟ್ಟುಕೊಟ್ಟ ಜಾಗಕ್ಕೆ ಮತ್ತೆ ಹೋಗಿ ಕೈ ಹಾಕ್ತವೆ."

"ಇನ್ನೊಂದು?"

"ಇನ್ನೊಂದು ಥ್ರೆಡ್ಡಿನ ತಪ್ಪು. ಒಂದು ಪ್ರೋಗ್ರಾಮಿನೊಳಗೆ ಹಲವು ಕೈ ಒಟ್ಟಿಗೆ ಕೆಲಸ ಮಾಡ್ತಿರ್ತವೆ, ಅವನ್ನೇ ಥ್ರೆಡ್ ಅನ್ನೋದು. ಇರೋದು ಒಂದೇ ಸ್ಲೇಟು ಅಂದ್ಕೋ. ಒಬ್ಬ ಹೆಸರು ಬರೆದು ಅಂಕಿ ಬರೆಯೋದ್ರೊಳಗೆ ಇನ್ನೊಬ್ಬ ಬಂದು ತನ್ನ ಅಂಕಿ ಗೀಚಿ ಹೋಗ್ತಾನೆ. ಹೆಸರು ಇವನದು, ಅಂಕಿ ಅವನದು."

ಅಕ್ಕಿ ಆರಿಸುತ್ತಿದ್ದ ಅವಳ ಕೈ ನಿಂತಿತು. "ಅತ್ತೆ, ಆವತ್ತು ಎರಡು ಯಂತ್ರನೂ ಒಟ್ಟಿಗೇ ಪೀಪ್ ಅಂದ್ವು."

"ಯಾವ ಯಂತ್ರ?"

"ಲ್ಯಾಬಲ್ಲಿ ಸಕ್ಕರೆ ನೋಡೋ ಯಂತ್ರ ಎರಡಿವೆ. ಸಾಮಾನ್ಯವಾಗಿ ಒಂದಾದ ಮೇಲೆ ಒಂದು ಮುಗಿಸ್ತವೆ. ಆವತ್ತು ಒಂದೇ ಉಸಿರಿಗೆ ಎರಡೂ ಮುಗಿಸಿದ್ವು. ಎರಡರ ಫಲಿತಾಂಶನೂ ಒಂದೇ ಕಂಪ್ಯೂಟರಿಗೆ ಹೋಗುತ್ತೆ."

"ಸಿಕ್ಕಿಬಿದ್ರು!" ಎಂದು ಎದ್ದೇಬಿಟ್ಟೆ.

"ಯಾರೂ ಸಿಕ್ಕಿಬಿದ್ದಿಲ್ಲ. ನನಗನ್ನಿಸಿದ್ದು ಹೇಳಿದೆ ಅಷ್ಟೇ. ಕೂತ್ಕೊಳ್ಳಿ."

ಟ್ಯೂಬುಗಳನ್ನು ವಿಚಾರಣೆ ಮಾಡುವವರ ಎದುರೇ ಮತ್ತೆ ಪರೀಕ್ಷಿಸಿದರೆ ಸಾಲದೇ ಎಂದು ಕೇಳಿದೆ. ಟ್ಯೂಬುಗಳನ್ನು ಅಲ್ಲಿ ವಾರದ ಮಟ್ಟಿಗೆ ಮಾತ್ರ ಇಡುತ್ತಾರಂತೆ. ಇವಳ ಮೇಲೆ ಆರೋಪ ಹೊರಿಸುವ ಹೊತ್ತಿಗೆ ಎಸೆದಾಗಿತ್ತು. ಇಡಿ ಎಂದು ಇವಳು ಕೇಳಿಕೊಂಡಿದ್ದಳು. ಅದಕ್ಕೆ ಮೇಲಿನವರ ಅನುಮತಿ ಬೇಕಿತ್ತು, ಮೇಲಿನವರು ರಜೆಯಲ್ಲಿದ್ದರು. ಸಾಕ್ಷಿಯನ್ನು ಕಸದ ಬುಟ್ಟಿಗೆ ಹಾಕಿ ಆಮೇಲೆ ವಿಚಾರಣೆಗೆ ಕರೆಯುವುದು! ದೂರವಾಣಿ ಕೇಂದ್ರದ ಪ್ರಕರಣದಲ್ಲೂ ಹೀಗೇ ಆಗಿತ್ತು. ಸುಟ್ಟ ತಂತಿಗಳನ್ನು ಮೊದಲು ಗುಜರಿಗೆ ಹಾಕಿ ಆಮೇಲೆ ಸಮಿತಿ ಮಾಡಿದ್ದರು.

ಮಂಗಳವಾರ ವಿಚಾರಣೆ. ಮನೆಯವರೊಬ್ಬರು ಜೊತೆಗೆ ಬರಬಹುದಂತೆ. ಮಗ ಹೋಗುತ್ತೇನೆಂದ. ಅವನು ಹೋಗಿ ಏನು ಮಾಡುತ್ತಾನೆ, ಕುರ್ಚಿ ರಿಪೇರಿಯೇ? ನಾನೇ ಹೋಗುತ್ತೇನೆ.

೧೨ ಮಾರ್ಚ್, ಮಂಗಳವಾರ

ಉದ್ದನೆಯ ಮೇಜು, ಆ ಕಡೆ ನಾಲ್ವರು, ಈ ಕಡೆ ನಾವಿಬ್ಬರು. ಗೋಡೆಯ ಮೇಲೆ ಕೈ ತೊಳೆಯುವುದು ಹೇಗೆಂಬ ಚಿತ್ರಪಟ. ತಕ್ಕ ಜಾಗದಲ್ಲೇ ಹಾಕಿದ್ದಾರೆಂದುಕೊಂಡೆ. ಅಧ್ಯಕ್ಷೆ ಆಸ್ಪತ್ರೆಯ ಹಿರಿಯ ವೈದ್ಯೆ. ಪಕ್ಕದಲ್ಲಿ ಲ್ಯಾಬಿನ ತಂತ್ರಾಂಶ ಮಾಡಿಕೊಟ್ಟ ಕಂಪನಿಯವನು, ಆ ಸೆಕೆಯಲ್ಲೂ ಟೈ ಕಟ್ಟಿಕೊಂಡು ಬಂದಿದ್ದ.

ಅಧ್ಯಕ್ಷೆ ಸೊಸೆಯನ್ನು ಕೇಳಿದರು, "ಆ ದಿನ ಏನಾಯ್ತು ಹೇಳಿ."

ಸೊಸೆ ಬಾಯಿ ತೆರೆಯುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ. ಏನು ಮಾಡಲಿ, ಅವಳು ಉಸಿರೆಳೆದುಕೊಳ್ಳಲು ಅಷ್ಟು ಹೊತ್ತು ತೆಗೆದುಕೊಂಡಳು.

"ಅಮ್ಮಾ, ತಾವು ಯಾರು?" ಎಂದರು ಅಧ್ಯಕ್ಷೆ.

"ನಾನು ಒಬ್ಬ ಪ್ರಜೆ."

"ಅದು ಸರಿ. ಇವರಿಗೆ ಏನಾಗಬೇಕು?"

"ಅತ್ತೆ" ಎಂದಳು ಸೊಸೆ. ಎಲ್ಲರೂ ನಕ್ಕರು. ಅದರಲ್ಲಿ ನಗುವಂಥದ್ದೇನಿತ್ತೋ!

ಸೇತುವೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಶಾಲೆಯ ಛಾವಣಿಗೆ ಬರುವಷ್ಟರಲ್ಲಿ ಒಬ್ಬರು ಗಡಿಯಾರ ನೋಡಿದರು. ಎರಡು ಯಂತ್ರಗಳು ಒಟ್ಟಿಗೆ ಮುಗಿಸಿದ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅದನ್ನು ಹೇಳಿದಾಗ ಟೈಯವನು ಸೌಮ್ಯವಾಗಿ ಉತ್ತರಿಸಿದ.

"ಮೇಡಂ, ಆ ಥರದ ದೋಷ ಇರಬಹುದು ಅಂತಲೇ ನಾವು ಪ್ರತಿ ಬಿಡುಗಡೆಗೆ ಮುಂಚೆ ಥ್ರೆಡ್ ದೋಷ ಹಿಡಿಯೋ ಸಾಧನದಲ್ಲಿ ಓಡಿಸ್ತೀವಿ. ದೋಷ ಸಿಕ್ಕಿದ್ರೆ ಪ್ರೋಗ್ರಾಮು ಮುಗಿಯೋವಾಗ ಅರವತ್ತಾರು ಅನ್ನೋ ಸಂಖ್ಯೆ ಕೊಡುತ್ತೆ. ಇಲ್ಲದಿದ್ರೆ ಸೊನ್ನೆ. ಎರಡು ವರ್ಷದಿಂದ ಪ್ರತಿ ಸಲವೂ ಸೊನ್ನೆ ಬಂದಿದೆ."

ಯಾವ ಸಾಧನವೆಂದು ಕೇಳಿದೆ. ನಮ್ಮದೇ. ನಾನೇ ಕೈಪಿಡಿ ಬರೆಯುತ್ತಿರುವ ಸಾಧನ. ಅದೇ ನನ್ನ ಸೊಸೆಯ ವಿರುದ್ಧ ಸಾಕ್ಷಿ ಹೇಳಿತ್ತು. ಕುಳಿತುಕೊಂಡೆ.

ಸೊಸೆಗೆ ಮಾತಾಡಲು ಹೊತ್ತೇ ಉಳಿಯಲಿಲ್ಲ. ಇಪ್ಪತ್ತೇಳಕ್ಕೆ ಮುಂದೂಡಿದರು. ಆವತ್ತೇ ಕೊನೆಯಂತೆ, ಹೊಸದೇನೂ ಬರದಿದ್ದರೆ ವಜಾ, ಜೊತೆಗೆ ಲ್ಯಾಬಿನಲ್ಲಿ ಕೆಲಸ ಮಾಡುವ ಪರವಾನಗಿಯೂ ರದ್ದು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: "ಅತ್ತೆ, ನೀವು ನನ್ನ ಪರ ಅಂತ ಗೊತ್ತು. ಆದ್ರೆ ಹನ್ನೆರಡು ವರ್ಷ ಆ ಲ್ಯಾಬಲ್ಲಿ ನಿಂತೋಳು ನಾನು. ನನ್ನ ಮಾತು ನನಗೆ ಬಿಟ್ಟುಬಿಡಿ."

ನನಗೇನೂ ಬೇಸರವಿಲ್ಲ.

೧೩ ಮಾರ್ಚ್, ಬುಧವಾರ

ಬೇಸರವಿಲ್ಲ ಎಂದು ಬರೆದಿದ್ದೇನೆ. ಹಾಗೆಯೇ ಇರಲಿ.

೧೫ ಮಾರ್ಚ್, ಶುಕ್ರವಾರ

ಮನೆಯಲ್ಲಿ ಮಾತು ಕಡಿಮೆ. ಆಫೀಸಿನಲ್ಲಿ ಬೇರೆ ದಾರಿ ಕಾಣದೆ ಆಯ್ಕೆಗಳನ್ನು ಒಂದೊಂದಾಗಿ ಹಾಕಿ ನೋಡತೊಡಗಿದೆ. ಎರಡು ಸಾಧನಗಳನ್ನೂ ಒಂದೇ ಪ್ರೋಗ್ರಾಮಿಗೆ ಒಟ್ಟಿಗೆ ಸೇರಿಸಲು ಬರುವುದಿಲ್ಲ ಎಂದು ಹಳೆಯ ಪುಟದಲ್ಲಿ ಎಲ್ಲೂ ಇಲ್ಲ. ಸೇರಿಸಲು ಹೋಗಿ ಕಂಪೈಲರಿನಿಂದ ಬೈಸಿಕೊಂಡೆ. ಮೆಮೊರಿಯ ಸಾಧನ ಮೊದಲ ತಪ್ಪಿಗೇ ಪ್ರೋಗ್ರಾಮನ್ನು ನಿಲ್ಲಿಸುತ್ತದೆ. ಥ್ರೆಡ್ಡಿನದು ತಪ್ಪು ಕಂಡರೂ ಹೇಳುತ್ತ ಹೇಳುತ್ತ ಮುಂದೆ ಹೋಗುತ್ತದೆ. ಒಂದು ನನ್ನ ಹಾಗೆ, ಇನ್ನೊಂದು ಸೊಸೆಯ ಹಾಗೆ.

‘ಹಿಸ್ಟರಿ ಸೈಜ್’ ಎಂಬ ಆಯ್ಕೆ ಇದೆ. ಥ್ರೆಡ್ಡಿನ ಸಾಧನ ಎಷ್ಟು ಹಿಂದಿನದನ್ನು ನೆನಪಿಟ್ಟುಕೊಳ್ಳಬೇಕು ಎಂಬುದು ಅದರಿಂದ ತೀರ್ಮಾನವಾಗುತ್ತದೆ. ಕಡಿಮೆ ಕೊಟ್ಟರೆ ತಪ್ಪು ಸಿಕ್ಕರೂ ಹಿಂದೆ ಯಾರು ಏನು ಬರೆದಿದ್ದರೆಂದು ಹೇಳಲಾಗದೆ ಕೈಚೆಲ್ಲುತ್ತದೆ. ಹೆಚ್ಚಿಸುತ್ತ ಹೋದರೆ ನೆನಪು ಬೆಳೆದಂತೆ ಪ್ರೋಗ್ರಾಮು ಭಾರವಾಗಿ ಕುಂಟುತ್ತದೆ. ಅತಿ ಹೆಚ್ಚಿನದಕ್ಕೆ ಹಾಕಿ ನೋಡಿದೆ. ಪಾಪ, ಏದುಸಿರು ಬಿಡುತ್ತ ನಡೆಯಿತು.

"ನಿಮಗೆ ಇದು ಇಷ್ಟ ಆಗುತ್ತೆ ಅಂತ ಗೊತ್ತಿತ್ತು" ಎಂದ ಗಡ್ಡ.

ಆ ಆಯ್ಕೆಯ ವಿವರಣೆಯನ್ನು ನಾಲ್ಕು ಸಾಲಿನಲ್ಲಿ ಮುಗಿಸಿದೆ. ಓದಿ, ವಾಪಸ್ ಕಳಿಸದೆ ಇಟ್ಟುಕೊಂಡ.

೧೮ ಮಾರ್ಚ್, ಸೋಮವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಬೆಳಗ್ಗೆ ‘ಎಕ್ಸಿಟ್‌ಕೋಡ್’ ಎಂಬ ಆಯ್ಕೆಗೆ ಬಂದೆ. ಹಳೆಯ ಪುಟದಲ್ಲಿ ಅದರ ಎದುರು ಇದ್ದದ್ದು ಇಷ್ಟೇ: ‘ಪ್ರೋಗ್ರಾಮು ಮುಗಿಯುವಾಗ ಕೊಡುವ ಸಂಖ್ಯೆಯನ್ನು ಬದಲಿಸುತ್ತದೆ.’ ಬದಲಿಸಿದರೆ ಏನಾಗುತ್ತದೆ ಎಂಬುದಿಲ್ಲ. ಗಡ್ಡನ ಹತ್ತಿರ ಒಂದು ಪುಟ್ಟ ಕೆಟ್ಟ ಪ್ರೋಗ್ರಾಮು ಇದೆ. ಒಂದೇ ಜಾಗಕ್ಕೆ ಎರಡು ಥ್ರೆಡ್ಡುಗಳು ಏಕಕಾಲಕ್ಕೆ ಬರೆಯುತ್ತವೆ. ಬೇಕೆಂದೇ ಮಾಡಿದ ತಪ್ಪು. ಅದನ್ನು ಓಡಿಸಿದೆ. ಪರದೆಯ ತುಂಬ ಎಚ್ಚರಿಕೆ, ಕೊನೆಗೆ ಅರವತ್ತಾರು.

ಆಮೇಲೆ ಎಕ್ಸಿಟ್‌ಕೋಡಿಗೆ ಸೊನ್ನೆ ಕೊಟ್ಟೆ. ಎಚ್ಚರಿಕೆಗಳನ್ನು ಪರದೆಯ ಬದಲು ಕಡತಕ್ಕೆ ಕಳಿಸುವ ‘ಲಾಗ್ ಪಾತ್’ ಆಯ್ಕೆಯನ್ನೂ ಜೊತೆಗೆ ಹಾಕಿದೆ. ಮತ್ತೆ ಓಡಿಸಿದೆ.

ಪರದೆ ಮೌನ. ಕೊನೆಗೆ ಸೊನ್ನೆ.

ತಪ್ಪು ಇದ್ದಲ್ಲೇ ಇದೆ. ನಮ್ಮ ಕೈಯಾರೆ ಇಟ್ಟದ್ದು. ಸಾಧನ ಅದನ್ನು ಹಿಡಿದಿದೆ, ಹಿಡಿದದ್ದನ್ನು ಕಡತದಲ್ಲಿ ಬರೆದಿಟ್ಟಿದೆ, ಆಮೇಲೆ ಹೇಳಿಕೊಟ್ಟಂತೆ ಸೊನ್ನೆ ಎಂದಿದೆ. ಕಡತ ತೆಗೆದು ನೋಡದವನಿಗೆ ಇದು ಅಪ್ಪಟ ಪ್ರೋಗ್ರಾಮು.

"ಹೀಗೆ ಯಾರಾದ್ರೂ ಹಾಕ್ತಾರಾ?" ಎಂದು ಗಡ್ಡನನ್ನು ಕೇಳಿದೆ. ನನ್ನ ದನಿ ಕೇಳಿ ಮೂರು ಮೇಜಿನವರು ತಿರುಗಿ ನೋಡಿದರು.

"ಯಾರು ಹಾಕಲ್ಲ ಅಂತ ಕೇಳಿ. ಬಿಡುಗಡೆ ಹತ್ರ ಬಂದಿರುತ್ತೆ. ಬೇರೆ ಯಾರೋ ಬರೆದ ಹಳೇ ತುಣುಕಿನ ತಪ್ಪಿಗೆ ಅರವತ್ತಾರು ಬಂದು ಎಲ್ಲಾ ನಿಂತುಹೋಗುತ್ತೆ. ‘ಇವತ್ತೊಂದಿನ ಸೊನ್ನೆ ಹಾಕೋಣ, ನಾಳೆ ತೆಗೆಯೋಣ’ ಅಂತಾನೆ ಒಬ್ಬ."

"ನಾಳೆ ತೆಗೀತಾನಾ?"

"ನಾಳೆ ಅವನು ಬೇರೆ ಕೆಲಸದಲ್ಲಿರ್ತಾನೆ. ಆಮೇಲೆ ಬಂದವರಿಗೆ ದಿನಾ ಸೊನ್ನೆ ನೋಡಿ ಖುಷಿಯೋ ಖುಷಿ. ನಾವೂ ಒಂದ್ಸಲ ಮಾಡಿದ್ವಿ ಮೇಡಂ. ಸಾಧನ ಮಾಡೋರೇ ನಾವು!"

ಎರಡು ವರ್ಷದಿಂದ ಪ್ರತಿ ಸಲವೂ ಸೊನ್ನೆ. ಟೈಯವನ ಮಾತು ಕಿವಿಯಲ್ಲಿ ಹೊಡೆಯಿತು. ಹೆಸರಿಗೆ ತಕ್ಕ ಪ್ರೋಗ್ರಾಮರ್ ಯಾರಾದರೂ ಎರಡು ವರ್ಷ ಒಂದೂ ತಪ್ಪು ಮಾಡದೆ ಇರಲು ಸಾಧ್ಯವೇ ಎಂದು ಗಡ್ಡನನ್ನು ಕೇಳಿದೆ. ಅವನು ಬಿದ್ದು ಬಿದ್ದು ನಕ್ಕ.

ಕೂಡಲೇ ಆಸ್ಪತ್ರೆಗೆ ಫೋನ್ ಮಾಡಬೇಕೆಂದು ಕೈಗೆತ್ತಿಕೊಂಡೆ. ಮಾಡಲಿಲ್ಲ. ಅವರು ಸೊನ್ನೆ ಹಾಕಿದ್ದಾರೆಂಬುದಕ್ಕೆ ನನ್ನ ಹತ್ತಿರ ಅನುಮಾನ ಬಿಟ್ಟು ಬೇರೇನಿದೆ? ಮೊದಲು ಮನೆಗೆ ಹೋಗಿ ಅವಳಿಗೆ ಹೇಳೋಣ ಅನ್ನಿಸಿತು.

೧೯ ಮಾರ್ಚ್, ಮಂಗಳವಾರ

ನಿನ್ನೆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಅವಳ ಮುಂದಿಟ್ಟೆ. ನಾನು ಬರೆದ ಹೊಸ ಪುಟವನ್ನು ಓದಿ ಅದರ ಪ್ರಕಾರವೇ ಮಾಡು ಎಂದೆ. ಮಧ್ಯೆ ಬಾಯಿ ಹಾಕಬಾರದೆಂದು ಚಹಾ ಮಾಡಲು ಎದ್ದೆ.

ಮೊದಲ ಸಲ ಅವಳಿಂದಾಗಲಿಲ್ಲ. ಆಯ್ಕೆಗಳ ನಡುವೆ ಏನು ಹಾಕಬೇಕೆಂದು ನಾನು ಬರೆದೇ ಇರಲಿಲ್ಲ. ನನಗೆ ಗೊತ್ತಿತ್ತಲ್ಲ, ಹಾಗಾಗಿ ಬಿಟ್ಟುಹೋಗಿತ್ತು. ಒಂದರ ಹಿಂದೊಂದು, ನಡುವೆ ಮೇಲೊಂದು ಕೆಳಗೊಂದು ಚುಕ್ಕೆ. ಪುಟಕ್ಕೆ ಸೇರಿಸಿದೆ. ಎರಡನೆಯ ಸಲ ಆಯಿತು. ಅರವತ್ತಾರನ್ನೂ ನೋಡಿದಳು, ಸೊನ್ನೆಯನ್ನೂ ನೋಡಿದಳು. ಎರಡನ್ನೂ ಇನ್ನೊಂದು ಸಲ ಓಡಿಸಿದಳು. ನಾನು ಚಹಾ ಸೋಸುತ್ತಲೇ ಇದ್ದೆ, ಬಹಳ ಕಷ್ಟಪಟ್ಟು.

"ಅತ್ತೆ, ಈ ಸಾಧನ ಬಳಸೋರು ಬೆಳಗ್ಗೆ ಕಂಟ್ರೋಲ್ ಓಡಿಸಲ್ವಾ?"

"ಹಾಗಂದ್ರೆ?"

"ನಮ್ಮ ಲ್ಯಾಬಲ್ಲಿ ದಿನಾ ಯಂತ್ರ ಶುರು ಮಾಡಿದ ತಕ್ಷಣ ಕೆಟ್ಟದು ಅಂತ ಮೊದಲೇ ಗೊತ್ತಿರೋ ಒಂದು ಸ್ಯಾಂಪಲ್ ಹಾಕ್ತೀವಿ. ಅದರ ಸಕ್ಕರೆ ಎಷ್ಟು ಅಂತ ಬಾಟಲಿ ಮೇಲೇ ಬರೆದಿರುತ್ತೆ. ಯಂತ್ರ ಅದನ್ನ ಕೆಟ್ಟದು ಅನ್ನಲೇಬೇಕು. ಅನ್ನದಿದ್ರೆ ಆವತ್ತು ಒಬ್ಬರ ರಿಪೋರ್ಟೂ ಹೊರಗೆ ಬಿಡಲ್ಲ. ಎಲ್ಲರೂ ಚೆನ್ನಾಗಿದ್ದಾರೆ ಅನ್ನೋ ಯಂತ್ರನ ಹೇಗೆ ನಂಬೋದು?"

ಗಡ್ಡನಿಗೆ ಫೋನ್ ಮಾಡಿ ಇದನ್ನು ಹೇಳಿದೆ. "ನಾವೂ ಶುರುನಲ್ಲಿ ಹಾಗೇ ಮಾಡ್ತಿದ್ವಿ, ಆಮೇಲೆ ಬಿಟ್ಟುಬಿಟ್ವಿ. ಪುಟದಲ್ಲಿ ಹಾಕಿ ಮೇಡಂ, ಎಲ್ಲಕ್ಕಿಂತ ಮೇಲೆ ಹಾಕಿ" ಎಂದ. ಹಾಕಿದ್ದೇನೆ: ‘ಸೊನ್ನೆಯನ್ನು ನಂಬುವ ಮೊದಲು, ಗೊತ್ತಿದ್ದೂ ಒಂದು ತಪ್ಪನ್ನು ಒಳಗಿಟ್ಟು ಓಡಿಸಿ. ಅರವತ್ತಾರು ಬರದಿದ್ದರೆ ನಿಮ್ಮ ಸಾಧನದ ಬಾಯಿ ಯಾರೋ ಮುಚ್ಚಿದ್ದಾರೆ.’

ಮಗ ಬಂದು, ಅತ್ತೆ ಸೊಸೆ ಇಬ್ಬರೂ ಒಂದೇ ಪರದೆಗೆ ತಲೆ ತೂರಿಸಿ ಕೂತದ್ದು ನೋಡಿ, "ಇವತ್ತು ಊಟ?" ಎಂದ. ಕೊನೆಗೆ ತಾನೇ ಮೊಟ್ಟೆ ಹುರಿದ. ಉಪ್ಪು ಹೆಚ್ಚಾಗಿತ್ತು.

೨೩ ಮಾರ್ಚ್, ಶನಿವಾರ

ಬಾಗಿಲು ತಟ್ಟಿದ ಸದ್ದು. ತೆಗೆದರೆ ದರ್ಜಿ. ತೆಳ್ಳಗಿನ ಮನುಷ್ಯ, ಕೋಟಿನ ಅಂಚಿನಲ್ಲಿ ಗುಂಡುಸೂಜಿಗಳು. ಜಗಳಕ್ಕೇ ಬಂದಿದ್ದಾರೆಂದು ನಾನು ಸೆರಗು ಬಿಗಿ ಮಾಡಿಕೊಂಡೆ. ಸೊಸೆ ಹಿಂದಿನಿಂದ ಬಂದು, "ಬನ್ನಿ, ಕೂತ್ಕೊಳ್ಳಿ. ಈಗ ತಲೆ ಸುತ್ತೋದು ನಿಂತಿದೆಯಾ?" ಎಂದಳು.

"ನಿಂತಿದೆಯಮ್ಮ. ಸೂಜಿಗೆ ದಾರ ಪೋಣಿಸೋವಾಗ ಸ್ವಲ್ಪ ಕೈ ನಡುಗುತ್ತೆ, ಅಷ್ಟೇ. ಜಗಳಕ್ಕೆ ಬಂದಿಲ್ಲ. ಒಂದು ವಿಷಯ ತಲೆ ತಿಂತಾ ಇದೆ. ಅವರ ಕೆಟ್ಟ ರಿಪೋರ್ಟು ನನಗೆ ಬಂತು. ಸರಿ. ನನ್ನ ಒಳ್ಳೇ ರಿಪೋರ್ಟು ಯಾರಿಗೆ ಹೋಯ್ತು? ಆ ಪುಣ್ಯಾತ್ಮರು ಮನೆಗೆ ಹೋಗಿ ಚಹಾಕ್ಕೆ ಸಕ್ಕರೆ ಸುರ್ಕೊಂಡು ಕುಡೀತಾ ಇರಬೇಕಲ್ಲ?"

ಇಷ್ಟು ದಿನ ನನ್ನ ತಲೆಗೆ ಇದು ಹೊಳೆದಿರ‍ಲೇ ಇಲ್ಲ.

"ಅವರೊಬ್ಬರು ಹೆಂಗಸು. ಅವತ್ತು ಮಧ್ಯಾಹ್ನವೇ ವಾಪಸ್ ಕರೆಸಿದ್ವಿ, ಈಗ ಹುಷಾರಾಗಿದ್ದಾರೆ" ಎಂದಳು ಸೊಸೆ. "ನೀವು ಬಿದ್ದಿರಿ ಅಂತ ಗೊತ್ತಾದ ತಕ್ಷಣ ನಾನು ಆವತ್ತಿನ ಸ್ಯಾಂಪಲ್ ಎಲ್ಲಾ ಇನ್ನೊಂದ್ಸಲ ನೋಡಿದೆ. ಎರಡು ತಾಳೆ ಆಗಲಿಲ್ಲ. ನಾನೇ ಮೇಲಿನವರಿಗೆ ಹೇಳಿದೆ."

"ನೀವೇ ಹೇಳಿದ್ರಾ?"

"ಹೂಂ. ನಾನೇ ಹೇಳಿದೆ ಅಂತ, ನಾನೇ ಮಾಡಿದೆ ಅಂದ್ಕೊಂಡ್ರು. ಮೊದಲನೇ ಸಲ ಯಂತ್ರಕ್ಕೆ ಅದಲುಬದಲಾಗಿ ಇಟ್ಟಿದ್ದೆನಂತೆ."

ಅವರು ಹೋದ ಮೇಲೆ ಕೇಳಿದೆ, "ಇದನ್ನ ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲವಲ್ಲ ಅತ್ತೆ."

ಹೌದಾ? ಕೇಳಿದ್ದೆ ಎಂದೇ ನೆನಪು. ನನ್ನ ನೆನಪು ತಪ್ಪುವುದು ಅಪರೂಪ.

ಆ ಮೂರು ಅರ್ಜಿಗಳು ಇವತ್ತು ಮೇಜಿನ ಖಾನೆಯಲ್ಲಿ ಸಿಕ್ಕವು. ಹಾಳೆಯ ಹಿಂಬದಿ ಖಾಲಿ ಇತ್ತು. ವಿಚಾರಣೆಯಲ್ಲಿ ಹೇಳಬೇಕಾದ್ದನ್ನು ಗುರುತು ಹಾಕಿಕೊಳ್ಳಲು ಅವಳಿಗೆ ಕೊಟ್ಟೆ.

೨೭ ಮಾರ್ಚ್, ಬುಧವಾರ

ಅದೇ ಕೋಣೆ. ಈ ಸಲ ನಾನು ಹಿಂದಿನ ಸಾಲಿನಲ್ಲಿ ಕೂತೆ. ಮುಂದೆ ಫ್ಯಾನಿನ ಗಾಳಿ ಜೋರಾಗಿತ್ತು.

ಸೊಸೆ ಎದ್ದು ನಿಂತಳು. ಉಸಿರೆಳೆದುಕೊಳ್ಳಲು ಎಂದಿನಂತೆ ಹೊತ್ತು ತೆಗೆದುಕೊಂಡಳು. ಆಮೇಲೆ ಟೈಯವನನ್ನು ನೋಡಿ ಹೇಳಿದಳು:

"ಸರ್, ನಿಮ್ಮ ಸಾಧನ ಸೊನ್ನೆ ಅಂದಿದೆ ಅಂದ್ರಿ. ನಾನು ಅದನ್ನ ಸುಳ್ಳು ಅಂತಿಲ್ಲ. ಒಂದು ಕಂಟ್ರೋಲ್ ಓಡಿಸಿ ತೋರಿಸಿ ಅಂತ ಕೇಳ್ತಿದ್ದೀನಿ. ನಿಮ್ಮ ಪ್ರೋಗ್ರಾಮಿನೊಳಗೆ ನೀವೇ ಒಂದು ಥ್ರೆಡ್ ತಪ್ಪು ಇಡಿ. ನೀವು ಯಾವಾಗಲೂ ಹೇಗೆ ಓಡಿಸ್ತೀರೋ ಹಾಗೇ ಓಡಿಸಿ. ಅರವತ್ತಾರು ಬಂದ್ರೆ ನಾನು ಇನ್ನೊಂದು ಮಾತಾಡಲ್ಲ."

ಅಧ್ಯಕ್ಷೆಗೆ ಕಂಟ್ರೋಲ್ ಎಂಬ ಮಾತು ಅರ್ಥವಾದದ್ದು ಮುಖದಲ್ಲೇ ಕಾಣಿಸಿತು. ವೈದ್ಯೆಯಲ್ಲವೇ? "ಮಾಡಬಹುದಾ?" ಎಂದು ಟೈಯವನನ್ನು ಕೇಳಿದರು.

"ಮಾಡಬಹುದು ಮೇಡಂ. ಊಟದ ಹೊತ್ತಿನೊಳಗೆ ಆಗುತ್ತೆ." ಅವನಿಗೆ ಅಳುಕಿರಲಿಲ್ಲ. ಕಂಪನಿಯ ಜೊತೆ ಫೋನಿನಲ್ಲಿ ಮಾತಾಡಿ, ಗೋಡೆಯ ಮೇಲಿನ ದೊಡ್ಡ ಪರದೆಗೆ ತನ್ನ ಲ್ಯಾಪ್‌ಟಾಪ್ ಜೋಡಿಸಿದ.

ಊಟವಾದ ಮೇಲೆ ಓಡಿಸಿದ. ಎಲ್ಲರೂ ಪರದೆ ನೋಡುತ್ತಿದ್ದೆವು. ಬೇಕೆಂದೇ ಇಟ್ಟ ತಪ್ಪು ಒಳಗಿದೆ.

ಸೊನ್ನೆ.

ಟೈಯವನು ಇನ್ನೊಮ್ಮೆ ಓಡಿಸಿದ. ಸೊನ್ನೆ. ಟೈಯ ಗಂಟು ಸಡಿಲ ಮಾಡಿಕೊಂಡ. ಸೊಸೆ ಮೆಲ್ಲಗೆ, "ಎಕ್ಸಿಟ್‌ಕೋಡ್ ಅನ್ನೋ ಆಯ್ಕೆ ಎಲ್ಲಾದ್ರೂ ಹಾಕಿದ್ದೀರಾ ನೋಡಿ" ಎಂದಳು. ಅವನು ಹುಡುಕಿದ. ಸಿಕ್ಕಿತು, ಅದರ ಪಕ್ಕದಲ್ಲೇ ಲಾಗ್ ಪಾತ್ ಕೂಡ. ನಾನು ಕುರ್ಚಿಯ ಅಂಚಿಗೆ ಬಂದಿದ್ದೆ. ಬಾಯಿ ತೆರೆದರೆ ಸೇತುವೆಯಿಂದ ಶುರುವಾಗುತ್ತದೆಂದು ಗೊತ್ತಿದ್ದರಿಂದಲೋ ಏನೋ, ತೆರೆಯಲಿಲ್ಲ.

ಎರಡೂ ಆಯ್ಕೆ ತೆಗೆದು ಓಡಿಸಿದ. ಅರವತ್ತಾರು.

"ಇದು ನಾನು ಈಗ ಇಟ್ಟ ತಪ್ಪಿಗೆ" ಎಂದ. ಯಾರೂ ಹೇಳುವ ಮೊದಲೇ ಆ ತಪ್ಪನ್ನು ತಾನೇ ತೆಗೆದುಹಾಕಿದ. ಇನ್ನೊಮ್ಮೆ ಸಿದ್ಧ ಮಾಡಲು ಹೊತ್ತು ಹಿಡಿಯಿತು. ಓಡಿಸಿದ.

ಅರವತ್ತಾರು.

ಪರದೆಯ ಮೇಲಿನ ಎಚ್ಚರಿಕೆಯನ್ನು ಅವನೇ ಓದಿದ. ಎರಡು ಥ್ರೆಡ್ಡುಗಳು, ಒಂದೇ ಜಾಗ. ಫಲಿತಾಂಶವನ್ನು ರೋಗಿಯ ಹೆಸರಿನ ಮುಂದೆ ಬರೆಯುವ ಸಾಲು. ಓದಿ ಮುಗಿಸಿ, ಸೊಸೆಯ ಕಡೆ ತಿರುಗಿ ಹೇಳಿದ: "ನಿಮ್ಮ ಟ್ಯೂಬ್ ಸರಿಯಾಗೇ ಇತ್ತು. ತಪ್ಪು ನಮ್ಮದು. ಹಳೇ ಎಚ್ಚರಿಕೆಗಳೂ ಕಡತದಲ್ಲಿ ಬಿದ್ದಿವೆ, ಯಾರೂ ತೆಗೆದು ನೋಡಿಲ್ಲ. ಇದನ್ನ ನಾನೇ ಬರೆದು ಕೊಡ್ತೀನಿ."

ಇವನನ್ನು ನಾನು ಈ ಪುಟಗಳಲ್ಲಿ ಟೈ ಎಂದು ಕರೆಯುತ್ತ ಬಂದಿದ್ದೇನೆ. ಮನುಷ್ಯ ಒಳ್ಳೆಯವನು. ಅಂಥ ಮಾತನ್ನು ಮೇಜಿನ ಆ ಬದಿಯಿಂದ ನನ್ನ ಜೀವಮಾನದಲ್ಲಿ ಕೇಳಿರಲಿಲ್ಲ.

ಮನೆಗೆ ಬರುವಾಗ ಬಸ್ಸಿನಲ್ಲಿ ಸೊಸೆ ನಿದ್ದೆ ಹೋದಳು. ತಲೆ ನನ್ನ ಹೆಗಲಿಗೆ ಬಿತ್ತು. ನಮ್ಮ ನಿಲ್ದಾಣ ದಾಟಿಹೋಯಿತು, ಎಬ್ಬಿಸಲಿಲ್ಲ. ಮುಂದಿನದರಲ್ಲಿ ಇಳಿದು ನಡೆದೆವು.

೨ ಏಪ್ರಿಲ್, ಮಂಗಳವಾರ

ಕೈಪಿಡಿಯ ಹೊಸ ಪುಟ ಹೊರಬಂದಿದೆ. ಹಳೆಯ ಪುಟದಿಂದ ತಪ್ಪುದಾರಿ ಹಿಡಿದವರಿಗೆಂದು ಮೇಲೊಂದು ಟಿಪ್ಪಣಿ ಹಾಕಿದ್ದೇವೆ, ಅದರ ಕೆಳಗೆ ಗಡ್ಡನ ಹೆಸರೂ ನನ್ನ ಹೆಸರೂ ಇವೆ.

ಆಸ್ಪತ್ರೆಯ ಆದೇಶವೂ ನಿನ್ನೆ ಬಂತು. ‘ತಾಂತ್ರಿಕ ಕಾರಣಗಳಿಂದ ಉಂಟಾಗಿದ್ದ ಗೊಂದಲ ನಿವಾರಣೆಯಾಗಿರುವುದರಿಂದ ಅಮಾನತನ್ನು ಹಿಂಪಡೆಯಲಾಗಿದೆ. ಸೋಮವಾರದಿಂದ ಕೆಲಸಕ್ಕೆ ಹಾಜರಾಗತಕ್ಕದ್ದು.’ ಮಗ ಖುಷಿಯಲ್ಲಿ ಅವಳನ್ನು ಎತ್ತಿಕೊಂಡೇಬಿಟ್ಟ, ಗ್ರೀಸಿನ ಕೈಯಲ್ಲೇ.

ಅವಳು ಇಳಿದು, ಆದೇಶವನ್ನು ಎರಡನೆಯ ಸಲ ಓದಿದಳು.

"ಗೊಂದಲ ಅಂತೆ" ಎಂದಳು.

ನನಗೆ ಆ ಕಾಗದ ಚೆನ್ನಾಗಿಯೇ ಕಂಡಿತ್ತು. ಕೆಲಸ ಸಿಕ್ಕಿತು, ಪರವಾನಗಿ ಉಳಿಯಿತು. "ಇನ್ನೇನು ಬೇಕು?" ಎಂದು ಕೇಳಿದೆ. ಕೇಳಿದ್ದು ನಾನೇ!

"ಇದ್ರಲ್ಲಿ ನಾನಿದ್ದೀನಿ ಅತ್ತೆ. ಬೇರೆಯವರಿಲ್ಲ" ಎಂದು ಹೇಳಿ, ಮೇಜಿನ ಮುಂದೆ ಕೂತು ಬರೆಯತೊಡಗಿದಳು. ನಾನು ದೀಪ ಹತ್ತಿರಕ್ಕೆ ಸರಿಸಿದೆ. ಬರೆದು ಮುಗಿಸಿ ನನಗೆ ಕೊಟ್ಟು, "ನೋಡಿ, ಏನಾದ್ರೂ ಬದಲಾಯಿಸಬೇಕಾ?" ಎಂದಳು. ಓದಿದೆ. ಬದಲಾಯಿಸುವಂಥದ್ದು ಒಂದೂ ಇರಲಿಲ್ಲ. ಇವತ್ತು ಅವಳ ಸಹಿಯ ಕೆಳಗೆ ದರ್ಜಿ ಸಹಿ ಹಾಕಿದ್ದಾರೆ. ಆ ಇನ್ನೊಬ್ಬ ಹೆಂಗಸೂ ಹಾಕಿದ್ದಾರೆ. ನಾಳೆ ಪತ್ರಿಕೆಯಲ್ಲಿ ಬರುತ್ತದೆ. ಮರೆಯಬಾರದೆಂದು ಇಲ್ಲಿ ಇಡಿಯಾಗಿ ನಕಲು ಮಾಡಿಕೊಳ್ಳುತ್ತಿದ್ದೇನೆ.

‘ಆಸ್ಪತ್ರೆಯ ಆಡಳಿತಕ್ಕೆ ಮತ್ತು ಲ್ಯಾಬಿನ ತಂತ್ರಾಂಶ ಮಾಡಿದ ಕಂಪನಿಗೆ.

ನಾನು ಸೋಮವಾರ ಕೆಲಸಕ್ಕೆ ಬರುತ್ತೇನೆ. ಅದಕ್ಕೆ ಮೊದಲು ನಿಮ್ಮನ್ನು ಒಂದು ವಿಷಯ ಕೇಳಬೇಕಾಗಿದೆ. ತಪ್ಪು ಹಿಡಿಯುವ ಸಾಧನ ಎರಡು ವರ್ಷ ಸೊನ್ನೆ ಎನ್ನುತ್ತ ಬಂದಿದೆ. ಆ ಎರಡು ವರ್ಷಗಳಲ್ಲಿ ನಾನೂ ನನ್ನ ಜೊತೆಯವರೂ ಸಾವಿರಾರು ಜನರ ಫಲಿತಾಂಶಗಳನ್ನು ಹೊರಗೆ ಕಳಿಸಿದ್ದೇವೆ. ಫೆಬ್ರವರಿ ಹದಿಮೂರರಂದು ಒಬ್ಬರು ಪ್ರಜ್ಞೆ ತಪ್ಪಿ ಬಿದ್ದದ್ದರಿಂದ ನಮಗೆ ಗೊತ್ತಾಯಿತು. ಬೀಳದೆ ಮನೆಗೆ ಹೋದವರು ಎಷ್ಟು ಜನ? ಎರಡು ಯಂತ್ರಗಳು ಒಟ್ಟಿಗೆ ಕೆಲಸ ಮುಗಿಸಿದ ಹೊತ್ತುಗಳನ್ನು ಹುಡುಕಿ ತೆಗೆಯಬಹುದು. ಆ ಹೊತ್ತುಗಳಲ್ಲಿ ರಕ್ತ ಕೊಟ್ಟವರನ್ನೆಲ್ಲ ಕರೆಸಿ ಮತ್ತೆ ಪರೀಕ್ಷೆ ಮಾಡುವಿರಾ? ಯಾವ ದಿನದಿಂದ ಮಾಡುವಿರಿ? ಮಾಡುವುದಿಲ್ಲವಾದರೆ ಏಕೆ?

ಉತ್ತರವನ್ನು ನನ್ನೊಬ್ಬಳಿಗೆ ಲಕೋಟೆಯಲ್ಲಿ ಕಳಿಸಬೇಡಿ. ಜನ ತೋಳು ಮಡಚಿಕೊಂಡು ಸಾಲು ನಿಲ್ಲುವ ಲ್ಯಾಬಿನ ಬಾಗಿಲಲ್ಲಿ, ಎಲ್ಲರೂ ಓದುವಷ್ಟು ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ.’